ಚೂಪವ್ವನ ಕರಿ ಉಣ್ಣೆ

“ಮತ್ತೆ ಬಂದೆಯಾ? ಒಂದು ಹಿಡಿ ಉಣ್ಣೆ ಹಿಂಜುವಷ್ಟರಲ್ಲಿ ಮೂರು ಸಲ ಬಂದರೆ ನಾನು ಕೆಲಸ ಮಾಡುವುದು ಯಾವಾಗ?”

ಒಂದು ಕುರುಚಲು ಕಾಡಿನಲ್ಲಿ ಚೂಪವ್ವ ಎಂಬ ಮುಳ್ಳುಹಂದಿ ನರಿಯನ್ನು ಹೀಗೆ ಗದರುತ್ತಿದ್ದಳು. ಚಳಿಗಾಲ ಹತ್ತಿರ ಬಂದಿತ್ತು. ಅವಳ ಮಗಳು ಚಿಗುರಿಯ ಮೈಮುಳ್ಳು ಇನ್ನೂ ಬಲಿತಿರಲಿಲ್ಲ. ಕಂಬಳಿ ಇಲ್ಲದೆ ಆ ಮಗು ಚಳಿ ತಡೆಯುವಂತಿರಲಿಲ್ಲ. ಅದಕ್ಕೇ ಚೂಪವ್ವ ಕುರಿಗಳನ್ನು ಕೇಳಿ ಎರಡು ಹೊರೆ ಉಣ್ಣೆ ತಂದಿದ್ದಳು. ಒಂದು ಕರಿಯದು, ಇನ್ನೊಂದು ಬಿಳಿಯದು.

ಹಿಂಜಲು ಅವಳ ಕೈಯಲ್ಲಿದ್ದದ್ದು ಅವಳ ಅವ್ವನ ಮೈಯಿಂದ ಉದುರಿದ್ದ ಉದ್ದನೆಯ ಮುಳ್ಳು. ಅವ್ವನೂ ಇದೇ ಬಂಡೆಯ ಮೇಲೆ ಕೂತು, ಕಸ ಆಯ್ದು, ಎಳೆ ಬಿಡಿಸುತ್ತಾ ಹಾಡುತ್ತಿದ್ದಳು. ಜಿಡ್ಡು ಉಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಆ ಹಾಡು ಚೂಪವ್ವನ ಬಾಯಿಗೆ ತಾನಾಗಿ ಬರುತ್ತಿತ್ತು: “ಕರಿಕುರಿ ಕರಿಕುರಿ, ಮೋಡವ ಹೊತ್ತು ಎಲ್ಲಿಗೆ ಹೊರಟೆ...”

“ಚೂಪಕ್ಕ, ನನ್ನ ಮಕ್ಕಳು ನಡುಗುತ್ತಿವೆ. ಸ್ವಲ್ಪ ಉಣ್ಣೆ ಕೊಡಬಾರದೇ?” ಎಂದಿತು ನರಿ.

“ನಿನಗೆಲ್ಲಿಯ ಮಕ್ಕಳೋ? ಮೊನ್ನೆ ತಾನೆ ಹೆಣ್ಣೇ ಸಿಕ್ಕಿಲ್ಲ ಎಂದು ಅಳುತ್ತಿದ್ದೆ! ಇರಲಿ, ಈ ಕರಿಯದರಲ್ಲಿ ಒಂದು ಹಿಡಿ ತಗೋ. ಬಿಳಿಯದನ್ನು ಮಾತ್ರ ಮುಟ್ಟಬೇಡ. ಆ ಕುರಿ ನಸುಗುನ್ನಿ ಬಳ್ಳಿಯೊಳಗೆ ನುಗ್ಗಿತ್ತು. ಅದರ ಕಾಯಿ ಮೇಲಿನ ತುರಿಕೆಯ ಸುಂಕು ಉಣ್ಣೆಗೆಲ್ಲ ಹತ್ತಿದೆ. ಗಾಳಿಗೆ ಬೆನ್ನು ಕೊಟ್ಟು, ಕೋಲಿನಿಂದ ಬಡಿದು ಉದುರಿಸಬೇಕು.”

ನರಿ ಒಳಗೇ ನಕ್ಕಿತು. ‘ಕೊಳಕು ಕರಿಯದು ನನಗಂತೆ, ಹೂವಿನಂಥ ಬಿಳಿಯದು ಇವಳಿಗಂತೆ! ಎಂಥ ಸುಳ್ಳು ಕಟ್ಟುತ್ತಾಳೆ!’

ಏನೂ ತೆಗೆದುಕೊಳ್ಳದೆ ಹೋದ ನರಿ ಸ್ವಲ್ಪ ಹೊತ್ತಿಗೆ ಓಡಿಬಂತು. “ಅಯ್ಯೋ ಚೂಪಕ್ಕ, ಚಿಗುರಿ ಹಳ್ಳಕ್ಕೆ ಬಿದ್ದಳು!”

ಚೂಪವ್ವ ಎದ್ದೂ ಬಿದ್ದೂ ಓಡಿದಳು. ಚಿಗುರಿ ಹಳ್ಳದ ದಂಡೆಯಲ್ಲಿ ಹಾಯಾಗಿ ಗೆಡ್ಡೆ ಅಗೆಯುತ್ತಿದ್ದಳು. ಮಗಳನ್ನು ಕರೆದುಕೊಂಡು ಬಂದು ನೋಡಿದರೆ ಬಿಳಿ ಉಣ್ಣೆ ಮಾಯ!

ಅಷ್ಟರಲ್ಲಿ ನರಿ ಅದನ್ನು ಗುಹೆಯಲ್ಲಿ ಹಾಸಿ, ಮೇಲೆ ಹೊರಳಾಡಿತ್ತು. ಮೊದಲು ಬಾಲ ತುರಿಸಿತು. ಆಮೇಲೆ ಹೊಟ್ಟೆ. ಆಮೇಲೆ ಮೈಯೆಲ್ಲ ಬೆಂಕಿ! ಕೂದಲು ಉದುರುವ ತನಕ ಕೆರೆದುಕೊಂಡು, ಕೊನೆಗೆ ಅಳುತ್ತಾ ಬಂಡೆಯ ಹತ್ತಿರ ಬಂತು.

“ಸತ್ತೆ ಚೂಪಕ್ಕ! ಬೆನ್ನಿಗೆ ಕೈ ನಿಲುಕುತ್ತಿಲ್ಲ, ಸ್ವಲ್ಪ ಕೆರೆದುಕೊಡು!”

“ಬಾರಪ್ಪ, ನನ್ನ ಮೈಗೇ ಉಜ್ಜಿಕೋ,” ಎಂದು ಚೂಪವ್ವ ಮುಳ್ಳುಗಳನ್ನೆಲ್ಲ ನಿಮಿರಿಸಿದಳು. ನರಿ ಆ ಕಾಡು ಬಿಟ್ಟೇ ಓಡಿತು.

ಉಳಿದ ಕರಿ ಉಣ್ಣೆ ಚಿಗುರಿಗೊಂದು ಪುಟ್ಟ ಕಂಬಳಿಯಾಗುವಷ್ಟಿತ್ತು. ಚೂಪವ್ವ ಕದಿರು ತಿರುಗಿಸಿ ನೂಲತೊಡಗಿದಳು. ಹಾಡು ಎಂದಿನಂತೆ ಮೊದಲ ಸಾಲಿಗೇ ನಿಂತಿತು. ಚಿಕ್ಕಂದಿನಲ್ಲಿ ಅವ್ವ ಇಷ್ಟು ಹಾಡುವಷ್ಟರಲ್ಲಿ, “ಅವ್ವಾ, ಹಸಿವು!” ಎಂದು ಸೆರಗು ಹಿಡಿದು ಜಗ್ಗುತ್ತಿದ್ದವಳು ಚೂಪವ್ವನೇ. ಮುಂದಿನ ಸಾಲನ್ನು ಅವಳು ಕೇಳಿಯೇ ಇರಲಿಲ್ಲ.

ಚಿಗುರಿ ಅವಳ ಮಡಿಲಿಗೆ ತಲೆ ಇಟ್ಟಳು. “ಆಮೇಲೆ ಆ ಕುರಿ ಎಲ್ಲಿಗೆ ಹೋಯಿತವ್ವಾ?”

ಕದಿರು ನಿಂತಿತು.

ನೀತಿ: ಸುಳ್ಳು ಹೇಳಿ ಬದುಕುವವನು ಬೇರೆಯವರ ನಿಜವನ್ನೂ ನಂಬುವುದಿಲ್ಲ, ಅದರಿಂದಲೇ ಅವನು ಕೆಡುತ್ತಾನೆ.