ಖಾನಾವಳಿಯ ಬಾಗಿಲಲ್ಲಿ ಅಜ್ಜಾರು

ಹೊಳೆದಂಡೆಯ ಗುಡಿಸಲಿನಲ್ಲಿ ಒಬ್ಬ ಸನ್ಯಾಸಿ ಅಜ್ಜಾರಿದ್ದರು. ಅವರದು ಒಂದೇ ನೇಮ. ದಿನಕ್ಕೊಂದೇ ಬಾಗಿಲು, ಒಂದೇ ಕೂಗು. "ಹಸಿದೀನಿ, ನೀಡಪಾ" ಅನ್ನುವರು. ನೀಡಿದರೆ ಉಣ್ಣುವರು, ಇಲ್ಲದಿದ್ದರೆ ಹೊಳೆಯ ನೀರು ಕುಡಿದು ಸುಮ್ಮನಾಗುವರು. ಕೇಳದೆ ಬಂದ ಅನ್ನವನ್ನು ಮುಟ್ಟುತ್ತಿರಲಿಲ್ಲ.

ಹದಿನಾಲ್ಕು ವರ್ಷಗಳಿಂದ ಆ ಬಾಗಿಲು ಈರಬಸಪ್ಪನ ಖಾನಾವಳಿಯದೇ. ಈರಬಸಪ್ಪ ಅವರ ಶಿಷ್ಯ. ಹಂಚಿನ ಮೇಲಿನ ಮೊದಲ ರೊಟ್ಟಿ ಅಜ್ಜಾರದು. ಗಿರಾಕಿಗಳೆಲ್ಲ ನೋಡುವಂತೆ ಕಾಲು ಮುಟ್ಟಿ ಅದನ್ನು ನೀಡುವುದರಲ್ಲಿ ಅವನಿಗೊಂದು ಹಿಗ್ಗಿತ್ತು.

ಆ ಬೇಸಿಗೆಯಲ್ಲಿ ಪೇಟೆಗೆ ಊಟ ಕೇಳಿ ಬರುವವರು ಹೆಚ್ಚಾದರು. ಹಿಟ್ಟಿನ ಗಿರಣಿಯ ಪರಪ್ಪ ಸಾವಕಾರರು ಹೋಟೆಲಿನವರನ್ನೆಲ್ಲ ಕೂಡಿಸಿದರು. ಒಬ್ಬನಿಗೆ ನೀಡಿದರೆ ನಾಳೆ ಹತ್ತು ಮಂದಿ ಬರುತ್ತಾರೆ, ಆದ್ದರಿಂದ ಯಾರೂ ನೀಡಕೂಡದು ಎಂದು ಠರಾವಾಯಿತು. ಮೀರಿದವರಿಗೆ ಗಿರಣಿಯ ಹಿಟ್ಟು ಬಂದ್.

ಮರುದಿನ ಎಲ್ಲ ಬಾಗಿಲುಗಳ ಮೇಲೂ ಒಂದೇ ಬೋರ್ಡು: "ಬೇಡುವವರು ಒಳಗೆ ಬರಬಾರದು."

ಈರಬಸಪ್ಪನೂ ತೂಗುಹಾಕಿದ. ಅವನು ಕಲ್ಲೆದೆಯವನೇನಲ್ಲ, ಮಂದಿಗೆ ಅಂಜುವವನು. ಅಂಜುಬುರುಕರು ಮಾಡುವಷ್ಟು ಕೇಡನ್ನು ಕಲ್ಲೆದೆಯವರೂ ಮಾಡಲಾರರು.

ಮಧ್ಯಾಹ್ನ ಅಜ್ಜಾರು ಬಂದರು. ಬೋರ್ಡು ನೋಡಿ ಮೆಟ್ಟಿಲ ಕೆಳಗೇ ನಿಂತರು. ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದ. ಹುಲಗಪ್ಪ ಅಂತ ಅವನ ಹೆಸರು. ಹೆಂಡತಿಯನ್ನು ದವಾಖಾನೆಗೆ ಸೇರಿಸಿ, ಅವಳಿಗೆ ಕೊಡುವ ಗಂಜಿಯಲ್ಲಿ ಎರಡು ಗುಟುಕು ಕುಡಿದು ದಿನ ನೂಕುತ್ತಿದ್ದವನು. ಅವನಿಗೆ ಓದು ಬರುತ್ತಿರಲಿಲ್ಲ.

"ಏನ್ ಬರದಾರ್ರೀ, ಅಜ್ಜಾರ?"

"ನಮ್ಮಿಬ್ಬರಿಗೂ ಒಳಗ ಜಾಗಾ ಇಲ್ಲಂತಪಾ."

ಇಬ್ಬರೂ ಹೊಳೆಗೆ ಹೋಗಿ ನೀರು ಕುಡಿದರು. ಎರಡನೆಯ ದಿನವೂ ಹಾಗೆಯೇ ಆಯಿತು, ಮೂರನೆಯ ದಿನವೂ.

ಒಲೆಯ ಮುಂದಿದ್ದ ಈರಬಸಪ್ಪನಿಗೆ ಇದಾವುದೂ ಕಾಣಲಿಲ್ಲ. ಎತ್ತಿಟ್ಟ ರೊಟ್ಟಿ ಮೂರು ದಿನವೂ ಒಣಗಿ ಖಟಿ ಆದದ್ದು ನೋಡಿ ಅವನಿಗೆ ಗಾಬರಿಯಾಯಿತು. ಮೂರನೆಯ ದಿನ ಸಂಜೆ ಗಂಗಾಳದಲ್ಲಿ ಬಿಸಿ ರೊಟ್ಟಿ, ಪಲ್ಯ ಮುಚ್ಚಿಕೊಂಡು ಹೊಳೆಗೆ ಓಡಿದ.

"ಅಜ್ಜಾರ, ಮೂರ್ ದಿನ ಆತು. ಯಾಕ ಬರ್ಲಿಲ್ಲ?"

"ಬಂದಿದ್ದೆ. ಓದಿದೆ. ಹೊಳ್ಳಿ ಬಂದೆ."

ಈರಬಸಪ್ಪ ನಾಲಿಗೆ ಕಚ್ಚಿಕೊಂಡ. "ಅದು ನಿಮಗಲ್ರೀ. ಬೇಡಾವ್ರಿಗೆ."

"ಹದಿನಾಲ್ಕು ವರ್ಷ ನಿನ್ನ ಬಾಗಲಾಗ ನಾ ಏನ್ ಮಾಡೀನಿ?"

"ನೀವು ಬೇಡೂದು ಬ್ಯಾರೆ, ಅಜ್ಜಾರ. ನಿಮಗ ನೀಡಿದ್ರ ಪುಣ್ಯ ಬರತೈತಿ."

"ಹಂಗಾದ್ರ ನೀ ನೀಡಿಲ್ಲ. ವ್ಯಾಪಾರ ಮಾಡೀದಿ."

ಆ ಮಾತು ಅವನಿಗೆ ನಾಟಿತು. ಆದರೂ ಸೋಲಲಿಲ್ಲ. ಬೇಡುವವರಲ್ಲಿ ಕುಡುಕರಿದ್ದಾರೆ, ಸುಳ್ಳರಿದ್ದಾರೆ, ಖರೇ ಹಸಿದವರು ಯಾರೆಂದು ಹೇಗೆ ತಿಳಿಯಬೇಕು ಎಂದು ವಾದಿಸಿದ.

"ನಾ ಖರೇ ಸನ್ಯಾಸಿ ಹೌದೋ ಅಲ್ಲೋ ಅಂತ ನೀ ಯಾವಾಗ ಪರೀಕ್ಷಾ ಮಾಡೀದಿ?"

ಈರಬಸಪ್ಪ ಗಂಗಾಳವನ್ನು ಅವರ ಮುಂದೆ ಸರಿಸಿ, ದಯಮಾಡಿ ಉಣ್ಣಿರಿ ಎಂದು ಕೈ ಮುಗಿದ. ಅಜ್ಜಾರು ಅದನ್ನು ಹಿಂದಕ್ಕೆ ಸರಿಸಿದರು.

"ಕೇಳದ ನಾ ಉಣ್ಣಾಂಗಿಲ್ಲ. ಕೇಳಾಕ ನಿನ್ನ ಬೋರ್ಡು ಬಿಡಾಂಗಿಲ್ಲ."

ಬೋರ್ಡು ತೆಗೆದರೆ ಹಿಟ್ಟು ಬಂದಾಗುತ್ತದೆ, ಖಾನಾವಳಿ ಮುಚ್ಚಬೇಕಾಗುತ್ತದೆ ಎಂದು ಈರಬಸಪ್ಪ ಅತ್ತೇಬಿಟ್ಟ. ಅಜ್ಜಾರು ಸಮಾಧಾನ ಹೇಳಲಿಲ್ಲ. ಹೊಳೆಗಿಳಿದು ಮುಖ ತೊಳೆದರು. ಎದ್ದು ಬರುವಾಗ ಹಸಿವಿಗೆ ಅವರ ಕಾಲು ತಡವರಿಸಿದ್ದನ್ನು ಶಿಷ್ಯ ಕಂಡ.

ನಾಲ್ಕನೆಯ ದಿನ ಮಧ್ಯಾಹ್ನ ಅಜ್ಜಾರು ಹುಲಗಪ್ಪನ ಕೈ ಹಿಡಿದುಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತರು. ಸುದ್ದಿ ಮುಟ್ಟಿ ಪರಪ್ಪ ಸಾವಕಾರರೂ ಬಂದರು. ಅಜ್ಜಾರಿಗೆ ಬಗ್ಗಿ ನಮಸ್ಕಾರ ಮಾಡಿ, ತಾವು ಒಳಗೆ ದಯಮಾಡಿಸಬೇಕು, ಇವನು ಮಾತ್ರ ಬೇಡ ಅಂದರು. ಅಜ್ಜಾರು ಅವರ ಕಡೆ ತಿರುಗಲೂ ಇಲ್ಲ.

"ಹಸಿದೀನಿ, ನೀಡಪಾ" ಎಂದು ಈ ಸಲ ಬೋರ್ಡನ್ನು ಲೆಕ್ಕಿಸದೆ, ಒಳಗೆ ಕೇಳುವಂತೆ ಕೂಗಿದರು.

"ನಾನೂ ಹಸಿದೀನ್ರೀ" ಅಂದ ಹುಲಗಪ್ಪ, ಮೆಲ್ಲಗೆ.

ಉಣ್ಣುತ್ತಿದ್ದವರ ಕೈಗಳು ನಿಂತವು. ಈರಬಸಪ್ಪ ಒಲೆಯ ಮುಂದಿನಿಂದ ಎದ್ದ. ಹಿಟ್ಟಿನ ಕೈಯಲ್ಲೇ ಸ್ಟೂಲು ಎಳೆದು, ಹತ್ತಿ, ಬೋರ್ಡು ಬಿಚ್ಚಿ ಒಲೆಯ ಕಟ್ಟಿಗೆಗಳ ಮೇಲೆ ಒಗೆದ.

"ನಾಳಿಂದ ನನ್ನ ಗಿರಣಿಗೆ ಬರಬ್ಯಾಡ" ಅಂದರು ಸಾವಕಾರರು.

"ಬರೂದಿಲ್ರೀ. ನಮ್ಮವ್ವನ ಬೀಸೂ ಕಲ್ಲು ಇನ್ನೂ ಮನ್ಯಾಗೈತಿ."

ಅವನ ಅಂಜಿಕೆ ಹೋಗಿರಲಿಲ್ಲ. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ. ಹೊಸದಾಗಿ ಹಿಟ್ಟು ತಟ್ಟಿ, ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ರೂಢಿಯಂತೆ ಅಜ್ಜಾರ ಗಂಗಾಳದತ್ತ ಒಯ್ದವನು ಅರ್ಧಕ್ಕೇ ನಿಂತ. ಅದನ್ನು ಹುಲಗಪ್ಪನಿಗೆ ನೀಡಿದ. ಅಂದು ಯಾರ ಕಾಲನ್ನೂ ಮುಟ್ಟಲಿಲ್ಲ. ಅಜ್ಜಾರು ಎರಡನೆಯ ರೊಟ್ಟಿಗೆ ಕಾಯುತ್ತ ಕುಳಿತರು.

ಸಾವಕಾರರು ಹೊಸ್ತಿಲಲ್ಲೇ ನಿಂತಿದ್ದರು. "ಒಬ್ಬಗ ನೀಡೀದಿ. ನಾಳೆ ಹತ್ ಮಂದಿ ಬಂದು ಕೂಡತಾರ, ನೋಡಕೋತ ಇರು."

ಅಜ್ಜಾರು ಬಿಸಿ ರೊಟ್ಟಿ ಮುರಿದರು.

"ಬರಲಿ ಬಿಡು, ಪರಪ್ಪ. ಹನ್ನೊಂದನೇದಾಂವ ನಾ ಬರತೀನಿ."