ಜವಾನ ನೋಡಿಟ್ಟ ಅಂಗಡಿ

ನೀರಾವರಿ ಕಚೇರಿಯ ಸಾಹೇಬರಿಗೆ ಎಲೆಕ್ಟ್ರಿಕ್ ಬೈಕಿನ ಹುಚ್ಚು ಹತ್ತಿತು. ಜವಾನನನ್ನು ಕರೆದು ಗುಡುಗಿದರು: "ಮಾರಾಟಕ್ಕೂ ರಿಪೇರಿಗೂ ಊರಲ್ಲಿ ಒಳ್ಳೆಯ ಅಂಗಡಿ ಯಾವುದು ಅಂತ ಸಂಜೆಯೊಳಗೆ ಹುಡುಕಿಕೊಂಡು ಬಾ. ಆಮೇಲೆ ಗಾಡಿ ಕೆಟ್ಟು ನಿಂತರೆ ನೀನೇ ತಳ್ಳಬೇಕು, ತಿಳೀತಾ?"

ಜವಾನ ನಿಂತಲ್ಲಿಂದ ಕದಲಲಿಲ್ಲ. "ಬಸ್ ಸ್ಟ್ಯಾಂಡ್ ಹಿಂದಿನ ತಗಡಿನ ಶೆಡ್ಡು, ಸ್ವಾಮಿ. ಮೆಕ್ಯಾನಿಕ್ ನೀಲವ್ವಂದು."

"ತಗಡಿನ ಶೆಡ್ಡಾ! ಪೇಟೆಬೀದಿಯಲ್ಲಿ ಅಷ್ಟು ದೊಡ್ಡ ಗಾಜಿನ ಶೋರೂಮ್ ಇರುವಾಗ?"

"ಶೋರೂಮಿನಿಂದ ಗಾಡಿ ಹೂವಿನ ಹಾರ ಹಾಕಿಕೊಂಡು ಹೊರಡುತ್ತೆ. ಹಾರ ಬಾಡೋ ಮೊದಲೇ ನೀಲವ್ವನ ಶೆಡ್ಡಿನ ಮುಂದೆ ರಿಪೇರಿಗೆ ನಿಂತಿರುತ್ತೆ. ನೀಲವ್ವ ಮಾರಿದ ಗಾಡಿ ಶೋರೂಮಿನ ಮುಂದೆ ನಿಂತಿದ್ದು ನಾನಂತೂ ಕಂಡಿಲ್ಲ."

ಸಾಹೇಬರ ದನಿ ಇಳಿಯಿತು. "ಇದನ್ನೆಲ್ಲ ಯಾವಾಗ ನೋಡಿದೆ?"

"ಆರು ವರ್ಷದಿಂದ ನೋಡ್ತಿದ್ದೀನಿ ಸ್ವಾಮಿ. ಮನೆಗೆ ಹೋಗುವಾಗ ಎರಡೂ ಕಡೆ ಸೈಕಲ್ ನಿಲ್ಲಿಸ್ತೀನಿ. ಕೊಳ್ಳೋರು ಒಂದು ಸಲ ನೋಡಿದರೆ ಸಾಕು. ಕೊಳ್ಳಲಾಗದವನು ದಿನಾ ನೋಡ್ತಾನೆ."

ಸಾಹೇಬರು ನೀಲವ್ವನ ಹತ್ತಿರವೇ ಗಾಡಿ ಕೊಂಡರು.

ಅದು ಇವತ್ತಿನವರೆಗೂ ಕೆಟ್ಟಿಲ್ಲ. ಜವಾನನಿಗೆ ಅದೊಂದೇ ಬೇಸರ. ಒಂದು ದಿನ ಕೆಟ್ಟಿದ್ದರೆ, ತಳ್ಳುವ ನೆಪದಲ್ಲಾದರೂ ಹ್ಯಾಂಡಲ್ ಹಿಡಿಯಬಹುದಿತ್ತು.