ಉಪ್ಪು ಜಾಸ್ತಿ ಎಂದವಳು

"ಮತ್ತೆ ನಡುವೆ ಬಾಯಿ ಹಾಕಿದೆ, ಕೊಟ್ರಮ್ಮ. ಬೆಳಗಿನಿಂದ ಒಂದು ಮಾತು ಪೂರ್ತಿ ಮಾಡಲು ನೀನು ನನ್ನನ್ನು ಬಿಟ್ಟಿಲ್ಲ" ಎಂದರು ಗುರುಗಳು.

"ತಪ್ಪಾಯಿತು ಬುದ್ಧಿ. ಆದರೆ ನೀವು ಹೇಳುತ್ತಿರುವುದು ತಾಳ್ಮೆಯ ವಿಷಯ. ನನ್ನ ಹತ್ತಿರ ಅದು ಮುಗಿದು ಬಹಳ ದಿನವಾಯಿತು" ಎಂದಳು ಶಿಷ್ಯೆ ಕೊಟ್ರಮ್ಮ.

"ಸರಿ, ಕೇಳು."

ಕೊಟ್ರಮ್ಮ ಕಂಕುಳಲ್ಲಿದ್ದ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

"ನನ್ನ ವಾರಗಿತ್ತಿ ನಮ್ಮ ಪಕ್ಕದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಸರ್ಕಾರದ ಯೋಜನೆಯಲ್ಲಿ ಅವಳ ಡೀಸೆಲ್ ಎಂಜಿನ್ ಹೋಗಿ, ಬಿಸಿಲಿನಿಂದ ತಿರುಗುವ ಮೋಟಾರು ಬಂತು. ಡೀಸೆಲ್ ಖರ್ಚು ಉಳಿಯಿತು, ಅವಳ ಕಿವಿಗೆ ಹೊಸ ಓಲೆ ಬಂತು. ನನ್ನ ಹೊಲಿಗೆ ಯಂತ್ರಕ್ಕೂ ಅದೇ ಸವಲತ್ತು ಕೇಳಿದರೆ, ಬರುವ ವರ್ಷ ನೋಡೋಣ ಎಂದರು. ಅವಳ ಮಾಳಿಗೆಯ ಮೇಲೂ ನನ್ನ ಮಾಳಿಗೆಯ ಮೇಲೂ ಬೀಳುವುದು ಒಂದೇ ಬಿಸಿಲು ಬುದ್ಧಿ. ಅವಳನ್ನು ಕಂಡರೆ ನನಗೆ ಆಗುವುದಿಲ್ಲ. ಮಾತು ಬಿಟ್ಟಿದ್ದೇನೆ. ನಾನು ಹೊಟ್ಟೆಕಿಚ್ಚು ಪಡುವುದು ತಪ್ಪೇ?"

ಗುರುಗಳು ಪುಸ್ತಕ ಮುಚ್ಚಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮಂಡಕ್ಕಿ ಭಟ್ಟಿಗಳ ಓಣಿ ಇತ್ತು. ಅಲ್ಲಿ ಎಲ್ಲರೂ ಹಳೆಯ ಟೈರು ಸುಟ್ಟು ಮರಳು ಕಾಯಿಸಿ, ಆ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುತ್ತಿದ್ದರು. ಟೈರು ಅಗ್ಗ, ಹೊಗೆ ಕಪ್ಪು. ಆ ಓಣಿಯ ಮಕ್ಕಳು ಮಾತು ಕಲಿಯುವ ಮೊದಲೇ ಕೆಮ್ಮು ಕಲಿಯುತ್ತಿದ್ದರು.

ಸರ್ಕಾರ ಒಂದು ನಿಯಮ ಮಾಡಿತು. ಟೈರು ಬಿಟ್ಟು, ಭತ್ತದ ಹೊಟ್ಟಿನಿಂದ ಹೊಗೆಯಿಲ್ಲದೆ ಉರಿಯುವ ಒಲೆ ಹಾಕಿಸಿದವರಿಗೆ ಅರ್ಧ ಬೆಲೆ ಸರ್ಕಾರವೇ ಕೊಡುತ್ತದೆ. ಮೊದಲ ವರ್ಷ ಓಣಿಗೆ ಒಂದೇ ಒಲೆ. ಚೀಟಿ ಎತ್ತಿದರು. ಒಂದೇ ಗೋಡೆಯ ಆಚೆ ಈಚೆ ಇಬ್ಬರು ಹೆಂಗಸರು ಭಟ್ಟಿ ನಡೆಸುತ್ತಿದ್ದರು. ಆಚೆಯವಳ ಹೆಸರು ಬಂತು. ಈಚೆಯವಳ ಹೆಸರು ಬರಲಿಲ್ಲ.

ಆಚೆಯವಳ ಮಂಡಕ್ಕಿ ಬೆಳ್ಳಗಾಯಿತು. ವ್ಯಾಪಾರಿಗಳು ಮೊದಲು ಅವಳ ಬಾಗಿಲಿಗೆ ಬಂದರು. ಅಕ್ಕಿ ಗಿರಣಿಯವರು ಬಿಸಾಡುತ್ತಿದ್ದ ಹೊಟ್ಟು ಅವಳ ಒಲೆಗೆ ಸಾಕಾಯಿತು. ಉಳಿದ ಬೂದಿಯನ್ನು ರೈತರು ಕೇಳಿಕೊಂಡು ಒಯ್ದರು. ಈಚೆಯವಳು ಇದನ್ನೆಲ್ಲ ಗೋಡೆಯ ಮೇಲಿಂದ ನೋಡಿದಳು. ನೆರೆಯವಳು ಹೊಸ ಸೀರೆ ಉಟ್ಟ ದಿನ ಇವಳಿಗೆ ಅನ್ನ ಸೇರಲಿಲ್ಲ. "ಹೊಗೆ ತಾಗದ ಮಂಡಕ್ಕಿಯೂ ಒಂದು ಮಂಡಕ್ಕಿಯೇ? ಹತ್ತಿ ತಿಂದ ಹಾಗಿರುತ್ತದೆ" ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು.

ಇವಳಿಗೆ ನಾಲ್ಕು ವರ್ಷದ ಮಗಳಿದ್ದಳು. ಕೆಮ್ಮಿನ ಔಷಧಕ್ಕೆಂದು ವಾರಕ್ಕೊಮ್ಮೆ ಅವಳನ್ನು ವೈದ್ಯನ ಬಳಿಗೆ ಕರೆದೊಯ್ಯುತ್ತಿದ್ದಳು. ಒಂದು ದಿನ ವೈದ್ಯ ಮಗುವಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, "ಎದೆ ಹಗುರವಾಗಿದೆ. ಭಟ್ಟಿಯ ಒಲೆ ಬದಲಿಸಿದೆಯಾ?" ಎಂದ.

ಬದಲಿಸಿದ್ದು ನೆರೆಯವಳು. ಓಣಿಯ ಹೊಗೆಯಲ್ಲಿ ಅವಳ ಪಾಲು ಇಲ್ಲವಾಗಿ, ಅಷ್ಟರ ಮಟ್ಟಿಗೆ ಈ ಮಗುವಿಗೂ ಉಸಿರು ಸಲೀಸಾಗಿತ್ತು. ಅದನ್ನು ಹೇಳಲು ತಾಯಿಗೆ ಮನಸ್ಸು ಬರಲಿಲ್ಲ. "ಹೌದು, ಬದಲಿಸಿದೆ" ಎಂದಳು.

"ಒಳ್ಳೆಯದಾಯಿತು. ಇನ್ನು ಔಷಧ ಬೇಡ" ಎಂದ ವೈದ್ಯ.

ಔಷಧ ನಿಂತಿತು. ಅವಳ ಭಟ್ಟಿಯಲ್ಲಿ ಟೈರು ನಿಲ್ಲಲಿಲ್ಲ. ತಿಂಗಳು ತುಂಬುವುದರೊಳಗೆ ಮಗುವಿನ ಕೆಮ್ಮು ಮರಳಿತು, ಮೊದಲಿಗಿಂತ ಜೋರಾಗಿ. ವೈದ್ಯನ ಮುಂದೆ ಸುಳ್ಳು ಒಪ್ಪಿಕೊಳ್ಳುವುದಕ್ಕಿಂತ ಆ ಸುಳ್ಳನ್ನೇ ನಿಜ ಮಾಡುವುದು ಮೇಲು ಎಂದು ಅವಳಿಗೆ ತೋರಿತು. ಒಲೆಗೆ ಹೆಸರು ಬರೆಸಲು ಕಚೇರಿಗೆ ಹೋದಳು. ಅದು ಎರಡನೆಯ ವರ್ಷದ ಪಟ್ಟಿಗೆ ಕೊನೆಯ ದಿನ.

ಗುಮಾಸ್ತ ಅವಳ ಕೈಗೆ ಒಂದು ಕಾಗದ ಕೊಟ್ಟ. "ನಿಮ್ಮ ಓಣಿಯಲ್ಲಿ ಈಗಾಗಲೇ ಹೊಸ ಒಲೆ ಇರುವವರು ಸಾಕ್ಷಿಯಾಗಿ ಇದಕ್ಕೆ ಸಹಿ ಹಾಕಬೇಕು. ಸಂಜೆಯೊಳಗೆ ತನ್ನಿ" ಎಂದ. ಓಣಿಯಲ್ಲಿ ಹೊಸ ಒಲೆ ಇದ್ದದ್ದು ಒಬ್ಬಳಿಗೇ.

ಅವಳು ಆ ಬಾಗಿಲಿಗೆ ಹೋದಳು. ಮಗಳು ಸೆರಗು ಹಿಡಿದು ಕೆಮ್ಮುತ್ತಾ ಹಿಂದೆಯೇ ಬಂದಳು.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಭಟ್ಟಿಯವರ ಮನೆಗೆ ಇನ್ನೊಬ್ಬ ಭಟ್ಟಿಯವರು ಹೋದರೆ, ಮಾತಿಗೆ ಮೊದಲು ಒಂದು ಹಿಡಿ ಬಿಸಿ ಮಂಡಕ್ಕಿ ಅವರ ಕೈಗೆ ಹಾಕಬೇಕು. ಬಂದವರು ಅದನ್ನು ತಿಂದು, ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಇದರಲ್ಲಿ ಮಾತ್ರ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಗಿರಾಕಿಗೆ ತಿಳಿಯದ ತಪ್ಪು ಕಸುಬಿನವರಿಗೆ ತಿಳಿಯುತ್ತದೆ ಎಂಬ ನಂಬಿಕೆ.

ನೆರೆಯವಳು ಒಂದು ಹಿಡಿ ಕೊಟ್ಟಳು. ಇವಳು ಬಾಯಿಗೆ ಹಾಕಿಕೊಂಡಳು. ಹಗುರವಾಗಿತ್ತು, ಗರಿಗರಿಯಾಗಿತ್ತು, ಉಪ್ಪು ಹದವಾಗಿ ಹಿಡಿದಿತ್ತು. ಹದಿನೈದು ವರ್ಷದಲ್ಲಿ ತನ್ನ ಕೈಯಿಂದ ಇಂಥ ಮಂಡಕ್ಕಿ ಒಂದು ದಿನವೂ ಇಳಿದಿರಲಿಲ್ಲ.

"ಹೇಗಿದೆ ಅಕ್ಕ?"

"ಉಪ್ಪು ಜಾಸ್ತಿ."

ನೆರೆಯವಳು ಆ ಮಾತನ್ನು ನಂಬಿದಳು. "ಹೌದಾ? ಒಳ್ಳೆಯದಾಯಿತು ಹೇಳಿದ್ದು. ನಾಳೆ ಅಕ್ಕಿ ನೆನೆಸುವಾಗ ಕಡಿಮೆ ಮಾಡುತ್ತೇನೆ. ಕೂತುಕೋ. ಪಾಪ, ಕೂಸಿಗೆ ಎಷ್ಟು ಕೆಮ್ಮು! ಏನೋ ಕೆಲಸದ ಮೇಲೆ ಬಂದ ಹಾಗಿದೆ."

ಕಾಗದವನ್ನು ಇವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. ಈಗ ಅದನ್ನು ತೆಗೆದರೆ, ಉಪ್ಪು ಜಾಸ್ತಿ ಎಂದ ಬಾಯಿಂದಲೇ ಆ ಒಲೆ ತನಗೂ ಬೇಕು ಎಂದು ಕೇಳಬೇಕು.

"ಏನಿಲ್ಲ, ಸುಮ್ಮನೆ ಬಂದೆ" ಎಂದು ಮಗಳನ್ನು ಎಳೆದುಕೊಂಡು ಹೊರಟಳು. ಸಂಜೆ ಕಚೇರಿ ಮುಚ್ಚಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದಳು ಕೊಟ್ರಮ್ಮ.

"ಆಮೇಲೆ ಇನ್ನೊಂದು ವರ್ಷ ಟೈರು ಸುಟ್ಟಳು. ಮಗು ಇನ್ನೊಂದು ವರ್ಷ ಕೆಮ್ಮಿತು."

ಕೊಟ್ರಮ್ಮನಿಗೆ ಸಿಟ್ಟು ಬಂತು. "ಅವಳೆಂಥ ತಾಯಿ ಬುದ್ಧಿ? ಅವಳ ಬಾಯಿಗೆ ಬೆಂಕಿ ಹಾಕ. ನೆರೆಯವಳ ಸೀರೆ ಕಂಡಿತು, ವ್ಯಾಪಾರ ಕಂಡಿತು, ಬೂದಿ ಕೂಡ ಕಂಡಿತು. ತನ್ನ ಮಡಿಲಲ್ಲಿದ್ದ ಕೂಸಿನ ಎದೆ ಹಗುರಾದದ್ದನ್ನು ವೈದ್ಯ ಹೇಳಬೇಕಾಯಿತು. ಹೆತ್ತವಳಿಗೆ ಅಷ್ಟು ತಾನಾಗಿ ತಿಳಿಯಬೇಡವೇ? ನಾನಾಗಿದ್ದರೆ ಹೊಗೆ ಕಡಿಮೆಯಾದ ದಿನವೇ ಗುರುತು ಹಿಡಿಯುತ್ತಿದ್ದೆ."

ಗುರುಗಳು ಕೂಸಿನ ಕಡೆಗೊಮ್ಮೆ ನೋಡಿ ಒಂದು ಪ್ರಶ್ನೆ ಕೇಳಿದರು. 

"ಗಿರಣಿಯ ಡೀಸೆಲ್ ಹೊಗೆ ನಿನ್ನ ತೊಟ್ಟಿಲಿನವರೆಗೆ ಬರುವುದು ನಿಂತು ಎಷ್ಟು ದಿನವಾಯಿತು, ತಾಯಿ?"